ಬಾಲದ ಮೇಲಿನ ಬರೆ

ಸಸಿಗಳ ಅಂಗಡಿ ಅಕ್ಕ ತಮ್ಮ ಇಬ್ಬರದೂ. ಗಿರಾಕಿಗಳ ಜೊತೆ ಮಾತು ತಮ್ಮನದು. ಬೀಜ ಹಾಕುವುದು, ನೀರುಣಿಸುವುದು, ಕುಂಡಕ್ಕೆ ಮಣ್ಣು ತುಂಬುವುದು ಅಕ್ಕನದು. ಹಿಂದಿನ ಮರಳು ಗುಡ್ಡೆಯಲ್ಲಿ ನಾಲ್ಕು ವರ್ಷದಿಂದ ಒಂದು ಮಣ್ಣುಮುಕ್ಕ ಹಾವು ಬಿಡಾರ ಹೂಡಿತ್ತು. ಎರಡು ಮೊಳ ಉದ್ದ, ಮಣಿಕಟ್ಟಿನಷ್ಟು ದಪ್ಪ; ಬಾಲವೂ ತಲೆಯಂತೆಯೇ ಮೊಂಡು. ಹಗಲೆಲ್ಲ ಮೂತಿಯ ತುದಿಯನ್ನಷ್ಟೇ ಹೊರಗಿಟ್ಟು ಹುದುಗಿರುತ್ತಿತ್ತು. ಹೊತ್ತಿಳಿದ ಮೇಲೆ ಎದ್ದು, ಬೀಜ ಕದಿಯುವ ಇಲಿಗಳನ್ನು ಸುತ್ತಿ ಹಿಸುಕಿ ನುಂಗುತ್ತಿತ್ತು. ವಿಷವೂ ಇಲ್ಲ, ಅವಸರವೂ ಇಲ್ಲ. ಸಲಿಕೆ ಹಾಕುವ ಮುನ್ನ ಅಕ್ಕ ಕೈಯಿಂದಲೇ ಮರಳು ಸರಿಸಿ ನೋಡುತ್ತಿದ್ದಳು.

ಆ ಮಧ್ಯಾಹ್ನ ಗುಡ್ಡೆ ಚೆಲ್ಲಾಪಿಲ್ಲಿಯಾಗಿತ್ತು. ಶೆಡ್ಡಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಅಕ್ಕ ಬಾಗಿಲು ತಳ್ಳಿದಳು. ತಮ್ಮ ಇಕ್ಕಳದಲ್ಲಿ ತಂತಿ ಹಿಡಿದು ಸ್ಟೌ ಮೇಲೆ ಕಾಯಿಸುತ್ತಿದ್ದ. ಮೇಜಿನ ಮೇಲೆ ಹಾವು ಉಂಡೆಯಾಗಿ, ತಲೆಯನ್ನು ಮೈಯಡಿ ಬಚ್ಚಿಟ್ಟು, ಬಾಲವನ್ನು ಮೇಲೆತ್ತಿತ್ತು. ಹೆದರಿದಾಗ ಅದಕ್ಕೆ ಗೊತ್ತಿದ್ದ ಉಪಾಯ ಅಷ್ಟೇ, ಏಟು ತಲೆಗೆ ಬೀಳದಿರಲಿ ಎಂದು. ಆ ಬಾಲದ ಒಂದು ಬದಿಯಲ್ಲಿ ಕಾಳಿನಷ್ಟು ಕಪ್ಪು ಬರೆ.

“ಏನೋ ಇದು?”

“ಕಣ್ಣು ಮಾಡ್ತಿದೀನಿ ಅಕ್ಕ. ಎರಡು ತಲೆ ಹಾವು ಮನೇಲಿದ್ರೆ ಅದೃಷ್ಟ ಖುಲಾಯಿಸುತ್ತೆ ಅಂತ ಒಬ್ರು ಕೇಳಿದಾರೆ. ಸಂಜೆ ಬರ್ತಾರೆ.”

“ಅದಕ್ಕಿರೋದು ಒಂದೇ ತಲೆ.”

“ನಮಗೆ ಗೊತ್ತು, ಅವರಿಗೆಲ್ಲಿ ಗೊತ್ತು? ಬಿಡು, ಇದು ಕಚ್ಚೋದೂ ಇಲ್ಲ.”

ಅಕ್ಕನ ಮೈಯೆಲ್ಲ ಉರಿದುಹೋಯಿತು. “ಕಚ್ಚಲ್ಲ ಅಂತ ಸುಡ್ತೀಯಾ? ವಿಷದ ಹಾವಾಗಿದ್ರೆ ಈ ತಂತಿ ಹಿಡ್ಕೊಂಡು ಹತ್ರ ಹೋಗ್ತಿದ್ದೆಯಾ?”

“ಇನ್ನೊಂದು ಕಣ್ಣು ಅಷ್ಟೇ, ಸುಮ್ನಿರು.”

“ನಿನ್ನ ಬೆನ್ನು ಕೊಡು, ಅಲ್ಲಿ ಮಾಡ್ತೀನಿ.”

ತಮ್ಮ ನಕ್ಕ. ನಗಬಾರದಿತ್ತು. ಅಕ್ಕ ಇಕ್ಕಳ ಕಸಿದು ಬಕೆಟ್ಟಿನ ನೀರಿಗೆ ಅದ್ದಿದಳು; ತಂತಿ ಚುಯ್ ಎಂದಿತು. ಉಳಿದ ನೀರನ್ನು ಸ್ಟೌ ಮೇಲೆ ಸುರಿದಳು. ಹಾವನ್ನು ಗೋಣಿಚೀಲಕ್ಕೆ ಇಳಿಸಿಕೊಂಡು, ಬೇಲಿ ದಾಟಿ, ಕಾಲುವೆಯಾಚೆಯ ಪೊದೆಗಳ ನಡುವೆ ಸಡಿಲ ಮಣ್ಣಿನ ಮೇಲೆ ಬಿಟ್ಟಳು. ಬಹಳ ಹೊತ್ತು ಅದು ಉಂಡೆ ಬಿಚ್ಚಲೇ ಇಲ್ಲ. ಕೊನೆಗೆ ಮೂತಿಯಿಂದ ಮಣ್ಣು ಸೀಳಿಕೊಂಡು ನಿಧಾನ ಒಳಗಿಳಿಯಿತು. ಸುಟ್ಟ ಬಾಲವೂ ಮರೆಯಾಗುವವರೆಗೆ ಅಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದಳು.

ಸಂಜೆ ಗಿರಾಕಿ ಬಂದಾಗ ಗೇಟಿನಲ್ಲಿ ಅವಳೇ ಇದ್ದಳು.

“ಎರಡು ತಲೆ ಹಾವು ಇದೆಯಂತಲ್ಲ?”

“ಹಾವಿಲ್ಲ. ಎರಡು ನಾಲಿಗೆ ಇರೋ ಮನುಷ್ಯ ಒಬ್ಬ ಒಳಗಿದಾನೆ. ಬೇಕಾದ್ರೆ ಕರ್ಕೊಂಡು ಹೋಗಿ.”

ಗಿರಾಕಿ ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋದ. “ಒಂದು ಹಾವಿಗೋಸ್ಕರ ಒಡಹುಟ್ಟಿದವನ ಮಾನ ಕಳೆದೆಯಲ್ಲ,” ಎಂದ ತಮ್ಮ. ಅಕ್ಕ ಗೇಟು ಹಾಕಿ ಕುಂಡಗಳ ಕಡೆ ನಡೆದಳು.

ತಿಂಗಳ ಮೇಲೆ ಇಬ್ಬರ ನಡುವೆ ಮತ್ತೆ ಮಾತು ಶುರುವಾಯಿತು, ಅದೂ ಗೊಬ್ಬರ, ನೀರು, ಕುಂಡಗಳ ಮಾತು. ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಸಿಕೊಳ್ಳಬೇಕೆಂದು ಅವಳಿಗೆ ಅನಿಸಲೂ ಇಲ್ಲ.