ಅತ್ತೆಯ ಕಡುಬು ನಕ್ಕ ಸಂಜೆ

ದಕ್ಷಿಣದವರಿಗೆ ಕಡುಬು ಮಡಿಸಲು ಬರುವುದಿಲ್ಲ ಎಂದು ನಮ್ಮತ್ತೆ ಯಾವತ್ತೋ ತೀರ್ಪು ಕೊಟ್ಟುಬಿಟ್ಟಿದ್ದರು. ನಾನು ದಕ್ಷಿಣ ಚೀನಾದ ಗುವಾಂಗ್‌ಝೌನವಳು. ಮದುವೆಯಾಗಿ ಉತ್ತರದ ಯಾಂತಾಯ್‌ಗೆ ಬಂದ ಮೇಲೆ ಪ್ರತಿ ಹೊಸವರ್ಷದ ಹಿಂದಿನ ಸಂಜೆ ಅತ್ತೆ ಮಣೆಯ ಮುಂದೆ ಕೂತು ಕಡುಬು ಮಾಡುವಾಗ ನನ್ನ ಪಾಲಿಗೆ ಬೆಳ್ಳುಳ್ಳಿ ಸುಲಿಯುವ ಕೆಲಸ. ಆ ಮಣೆಯ ಮುಂದೆ ಜಾಗ ಸಿಗುವ ತನಕ ನಾನು ಈ ಮನೆಗೆ ಬಂದ ನೆಂಟಳೇ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಈ ಸಲ ಹಟ ಹಿಡಿದೆ.

"ಮಡಿಸಮ್ಮ, ಯಾರು ಬೇಡ ಅಂದ್ರು? ಬೇರೆ ತಟ್ಟೇಲಿ ಇಡು. ನೀರಲ್ಲಿ ಬಾಯಿ ಬಿಟ್ರೆ ಯಾರದು ಅಂತ ಗೊತ್ತಾಗ್ಲಿ," ಎಂದರು ಅತ್ತೆ.

ಹಬ್ಬದಲ್ಲಿ ಕಡುಬು ಒಡೆದರೆ ಅಪಶಕುನ. ಒಡೆಯಿತು ಎಂದು ಬಾಯಲ್ಲೂ ಅನ್ನಬಾರದು, ನಕ್ಕಿತು ಅನ್ನಬೇಕು. ನಾನು ಒಂದೊಂದರ ಅಂಚನ್ನೂ ಸಿಟ್ಟೆಲ್ಲ ಸೇರಿಸಿ ಒತ್ತಿದೆ. "ಕಪ್ಪೆ ಕೂತಂಗಿದಾವೆ," ಎಂದ ನನ್ನ ಗಂಡ ಯೂಶನ್. ಅತ್ತೆಯವಕ್ಕೆ ಸಾಲು ಸಾಲು ನೆರಿಗೆ.

ಮೊದಲು ಅತ್ತೆಯ ತಟ್ಟೆಯನ್ನೇ ಕುದಿಯುವ ನೀರಿಗೆ ಸುರಿದೆವು. ನೋಡನೋಡುತ್ತಿದ್ದಂತೆ ಒಳಗೆ ತುಂಬಿದ್ದ ಹಂದಿಮಾಂಸ ಒಂದು ಕಡೆ, ಹಿಟ್ಟು ಒಂದು ಕಡೆ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಏನಾಯ್ತೇ ಅಲ್ಲಿ?" ಹೊರಗಿನಿಂದ ಮಾವ ಕೂಗಿದರು.

ಸುಲಿದ ಬೆಳ್ಳುಳ್ಳಿಯೆಲ್ಲ ನೆನಪಾಯಿತು. ನಿಜ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅತ್ತೆ ಸೌಟು ಹಿಡಿದು ನಿಂತಿದ್ದ ರೀತಿ ನೋಡಿ ಸಂಕಟವಾಯಿತು.

"ನನ್ನವು ನಕ್ಕವು, ಮಾವ."

ಅತ್ತೆಗೆ ಜೀವ ಬಂತು. ನನ್ನ ಕಪ್ಪೆಗಳನ್ನು ಬೇಯಿಸಿ, ತಾವೇ ಮಾಡಿದ್ದೆಂದು ಬಡಿಸಿದರು. ಯೂಶನ್ ಏನೋ ಹೇಳಲು ಬಾಯಿ ತೆರೆದ, ಮಾವ ಮೇಜಿನ ಕೆಳಗೆ ಅವನ ಕಾಲಿಗೆ ಒದ್ದರು. ಎಲ್ಲರೂ ಚೆನ್ನಾಗಿದೆ ಎಂದು ತಿಂದರು. ಅತ್ತೆ ಅಷ್ಟಕ್ಕೇ ಬಿಟ್ಟರೇ? ಫೋನಿನಲ್ಲಿ ತಂಗಿಗೆ, "ಸೊಸೆಯವು ಒಂದೂ ಉಳೀಲಿಲ್ಲ ಕಣೇ. ಪಾಪ, ದಕ್ಷಿಣದ ಹುಡುಗಿ," ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಪಾತ್ರೆಗಳನ್ನು ದಡಬಡ ತೊಳೆಯುತ್ತಿದ್ದೆ. ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಅಂಚು ಕಾಣಲ್ಲ ಕಣೇ ನಂಗೆ. ಎಲ್ಲಾ ಮಂಜು ಮಂಜು. ಕೈ ಅಂದಾಜಲ್ಲೇ ಒತ್ತಿದ್ದು. ಇವರಿಗೆ ಹೇಳಬೇಡ."

ನನ್ನ ಕೋಪ ಎಲ್ಲಿ ಹೋಯಿತೋ.

"ಹಬ್ಬದ ಐದನೇ ದಿನಾನೂ ಕಡುಬಾಗಬೇಕಲ್ಲ," ಎಂದರು. "ಮಣೆ ಮುಂದೆ ನೀನೇ ಕೂತ್ಕೊ. ನಾನು ಪಕ್ಕದಲ್ಲಿ ಬೈತಾ ಇರ್ತೀನಿ, ನಾನೇ ಮಾಡ್ತಿದೀನಿ ಅಂತ ಎಲ್ರೂ ಅಂದ್ಕೊಳ್ಲಿ."

"ಆಗಲಿ ಅತ್ತೆ. ಆದ್ರೆ ನಾಡಿದ್ದು ಕಣ್ಣಿನ ಡಾಕ್ಟರ ಹತ್ರ ಹೋಗೋಣ."

ಬೈಗುಳ ಐದನೇ ದಿನದವರೆಗೆ ಕಾಯಲಿಲ್ಲ.