ಅಂಜುಮಣಿ ಮೇಡಂ

2003ರ ಜುಲೈ 18, ಬೆಳಿಗ್ಗೆ ಒಂಬತ್ತೂವರೆ. ಮೈಲಾಪೂರಿನ ಫ್ಲ್ಯಾಟಿನ ಇಕ್ಕಟ್ಟು ಮೆಟ್ಟಿಲ ತಿರುವಿನಲ್ಲಿ ವಿನೋದಾರ ಚಟ್ಟ ಸಿಕ್ಕಿಕೊಂಡಿತು.

“ತಲೆ ಕಡೆ ಎತ್ತಿ ಸಾರ್, ಮೆಲ್ಲಗೆ,” ಎಂದ ಬದರಿನಾಥ. ಮಣಲಿಯ ಕಾರ್ಖಾನೆಯ ಲ್ಯಾಬಿನಲ್ಲಿ ವಿನೋದಾರ ಪಕ್ಕದ ಮೇಜಿನವನು.

ಕೆಳಗೆ ಲ್ಯಾಬಿನ ಮ್ಯಾನೇಜರ್ ಪದ್ಮನಾಭ ಹಾರ ಹಿಡಿದು ನಿಂತಿದ್ದರು. ವಿನೋದಾರ ಗಂಡ ತಿರುಮಲೇಶರಿಗೆ ಹೇಳಿದರು: “ನಿನ್ನೆ ರಾತ್ರಿ ಎಂಟು ಗಂಟೆಗೂ ಕೂತಿದ್ದರು ನೋಡಿ, ಡ್ಯೂಟಿಯಲ್ಲೇ ಹೋದರು. ಮೊದಲು ಐದು ಹೊಡೆದ್ರೆ ಬ್ಯಾಗ್ ಎತ್ತೋರು. ತಮಿಳಲ್ಲಿ ಅಂಜುಮಣಿ ಮೇಡಂ, ಐದು ಗಂಟೆ ಮೇಡಂ ಅಂತ ರೇಗಿಸ್ತಿದ್ವಿ. ಈ ವರ್ಷ ಏನು ಶ್ರಮ ಅಂತೀರಿ! ಇನ್‌ಕ್ರಿಮೆಂಟಿಗೆ ನಾನೇ ಬರೆದಿದ್ದೆ.”

ಮಗಳು ಕೃತಿ ಮುಂದೆ ಬಂದಳು.

“ಅಮ್ಮಂಗೆ ಎದೆನೋವಿತ್ತು ಅಂಕಲ್. ನಿನ್ನೆ ಸಂಜೆ ಆರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್. ನಾನು ಕ್ಲಿನಿಕ್ಕಲ್ಲಿ ಕಾಯ್ತಿದ್ದೆ. ಇವತ್ತು ಆಗಲ್ಲ ಕಣೇ, ಲ್ಯಾಬಲ್ಲಿ ಇರಲೇಬೇಕು ಅಂತ ಫೋನ್ ಮಾಡಿದ್ಲು. ಅಂಥ ಕೆಲಸ ಏನಿತ್ತು?”

“ಲ್ಯಾಬ್ ಅಂದ್ಮೇಲೆ ಕೆಲಸ ಇದ್ದೇ ಇರುತ್ತಲ್ಲಮ್ಮ,” ಎಂದು ಪದ್ಮನಾಭ ಹಾರ ಬಿಡಿಸತೊಡಗಿದರು.

*

ಹಿಂದಿನ ವರ್ಷ ವಿನೋದಾ ಪದ್ಮನಾಭರ ಕೋಣೆಗೆ ಹೋಗಿದ್ದರು.

“ಒಂದೇ ಹುದ್ದೆ, ಒಂದೇ ಡಿಗ್ರಿ. ಬದರಿಗಿಂತ ನನಗ್ಯಾಕೆ ಸಾರ್ ಸಂಬಳ ಕಡಿಮೆ?”

“ಅವನು ಎಂಟರ ತನಕ ಬೆವರು ಸುರಿಸ್ತಾನಮ್ಮ.”

“ನನ್ನ ಸ್ಯಾಂಪಲ್ಲುಗಳು ಐದರೊಳಗೇ ಮುಗೀತವೆ. ಅವರಷ್ಟೇ ಸ್ಯಾಂಪಲ್ಲು.”

“ಅಂದ್ರೆ ನಿಮಗದು ಸುಲಭ ಅಂತಾಯ್ತು. ಮನೆ ಕಡೆ ಗಮನ ಇರೋದು ಸಹಜ, ತಪ್ಪು ಅನ್ನಲ್ಲ. ಆದರೆ ಶ್ರಮ ಕಾಣಬೇಕಲ್ಲ?”

ಮರುದಿನದಿಂದ ವಿನೋದಾ ಎಂಟರ ತನಕ ಕೂತರು.

*

ಸ್ಮಶಾನದ ಗೇಟಿನ ಬಳಿ ಕೃತಿ ಬದರಿನಾಥನನ್ನು ತಡೆದಳು.

“ನೀವಾದ್ರೂ ಸೊಲ್ಲುಂಗೊ ಅಂಕಲ್, ಹೇಳಿ. ನಿನ್ನೆ ಅಮ್ಮ ಏನು ಮಾಡ್ತಿದ್ಲು?”

“ಬಿಡಮ್ಮ ಈಗ.”

“ಬಿಡಲ್ಲ. ಅದಕ್ಕೋಸ್ಕರ ಸತ್ತಿದ್ದಾಳೆ. ಏನದು ಅಂತ ನನಗೆ ಗೊತ್ತಾಗಬೇಕು.”

ಬದರಿನಾಥ ಒಳಗೆ ಹೋಗುತ್ತಿದ್ದವರ ಕಡೆ ನೋಡಿದ. ಪದ್ಮನಾಭ ದೂರದಲ್ಲಿದ್ದರು.

“ಸ್ಯಾಂಪಲ್ಲೆಲ್ಲ ನಾಲ್ಕೂವರೆಗೇ ಮುಗಿದಿತ್ತು. ಸಾರ್ ರೌಂಡಿಗೆ ಬರ್ತಾರಲ್ಲ... ಮೇಡಂ ಬಟ್ಟಲು ತಕ್ಕಡಿಯಲ್ಲಿ ಇಡೋರು, ತೆಗೆಯೋರು, ಮತ್ತೆ ಇಡೋರು. ದಿನಾ ಹಾಗೇ.”

“ಬಟ್ಟಲಲ್ಲಿ ಏನಿತ್ತು?”

ನಿನ್ನೆ ವಿನೋದಾರನ್ನು ಎತ್ತಲು ಓಡಿಹೋದವನು ಬದರಿನಾಥನೇ. ಮೇಜಿನ ಮೇಲೆ ಕುಸಿದವರ ಬೆರಳು ಇನ್ನೂ ತಕ್ಕಡಿಯ ಗಾಜಿನ ಬಾಗಿಲ ಅಂಚಿನಲ್ಲಿತ್ತು. ಒಳಗೆ ಖಾಲಿ ಬಟ್ಟಲು. ಬಟ್ಟಲಿನ ತೂಕವನ್ನು ಅವರು ಮೊದಲೇ ಕಳೆದು ತಕ್ಕಡಿಯನ್ನು ಸೊನ್ನೆಗೆ ತಂದಿದ್ದರು. ಹಸಿರು ಅಂಕೆಗಳು ಅಲುಗದೆ ನಿಂತಿದ್ದವು: 0.0000 ಗ್ರಾಂ.