ಟೈಲರಮ್ಮನ ಬಲ್ಬು ಪರೀಕ್ಷೆ

ಟೈಲರಮ್ಮ ಅಹಂಕಾರಿ, ತಪ್ಪು ತನ್ನದೆಂದು ಒಪ್ಪಿಕೊಳ್ಳುವ ಜಾಯಮಾನದವಳಲ್ಲ. ನಲವತ್ತು ವರ್ಷ ಕೋಟು ಹೊಲಿದವಳು. ಹೊಲಿಗೆ ಬಿಟ್ಟಿತೆಂದರೆ ತೊಟ್ಟವನ ಹೊಟ್ಟೆಯನ್ನು, ತೋಳು ಗಿಡ್ಡವಾಯಿತೆಂದರೆ ಒಗೆದವರ ಕೈಯನ್ನು ದೂರಿದವಳು. ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಮಾತಾಡಿ, ಸೂಜಿ ಇಲ್ಲದಾಗಲೂ ಆಕೆಯ ಮಾತು ಬಾಯಿಯ ಎಡಮೂಲೆಯಿಂದಲೇ ಹೊರಡುತ್ತಿತ್ತು. ಕೊರಳಲ್ಲಿ ಅಳತೆಯ ಟೇಪು ಜೋತಾಡಿಸಿಕೊಂಡೇ ಬೀದಿಗಿಳಿಯುವಳು. ಎದುರು ಬಂದವರ ಮುಖಕ್ಕಿಂತ ಮೊದಲು ಭುಜ ನೋಡುವಳು.

ಬ್ಯಾಂಕಿನ ಮ್ಯಾನೇಜರು ತಮ್ಮ ಕಡುನೀಲಿ ಕೋಟನ್ನು ವಾಪಸು ತಂದುಕೊಟ್ಟ ದಿನ ಆಕೆಯ ದೂರಿಗೆ ಗುರಿಯಾದದ್ದು ಬಲ್ಬು. ಕೋಟಿನ ಗುಂಡಿ ಹಾಕುವ ಮೂರು ಕಾಜಗಳಿಗೂ ನೀಲಿಯ ಬದಲು ಕಪ್ಪು ದಾರ ಬಿದ್ದಿತ್ತು. ಕರೆಂಟು ಉಳಿಯಲೆಂದು ಮಗ ಹಿಂದಿನ ವಾರವಷ್ಟೇ ಹಳೆಯ ಹಳದಿ ಬಲ್ಬುಗಳನ್ನು ತೆಗೆದು ಏಳು ವಾಟಿನವನ್ನು ಹಾಕಿದ್ದ.

"ನಿನ್ನ ಗಂಡನ ಉಳಿತಾಯ ನನ್ನ ಮರ್ಯಾದೆ ಕಳೀತು. ನಡಿ ಅಂಗಡಿಗೆ," ಎಂದು ಸೊಸೆಯನ್ನು ಹೊರಡಿಸಿದಳು.

"ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು..."

"ಉರಿಯೋದು ಬಲ್ಬು, ಕಣ್ಣಲ್ಲ."

ಅಂಗಡಿಯವನು ಹಲಗೆಯ ಹೋಲ್ಡರುಗಳಲ್ಲಿ ಒಂದೊಂದನ್ನೇ ಉರಿಸಿದ: ಹಾಲುಬಿಳುಪಿನದು, ತುಸು ಹಳದಿಯದು, ಒಂಬತ್ತು ವಾಟು, ಹನ್ನೆರಡು ವಾಟು. ಆಕೆ ಬೆರಳಿಗೆ ಸುತ್ತಿ ತಂದಿದ್ದ ಎರಡು ಎಳೆಗಳನ್ನು, ಒಂದು ಕಪ್ಪು ಒಂದು ನೀಲಿ, ಪ್ರತಿಯೊಂದರ ಕೆಳಗೂ ಹಿಡಿದಳು. "ಎರಡೂ ಒಂದೇ ಬಣ್ಣ. ತೆಗಿ." ಬಣ್ಣವನ್ನು ಇದ್ದದ್ದು ಇದ್ದಂತೆ ತೋರಿಸುತ್ತದೆಂದು ಡಬ್ಬಿಯ ಮೇಲೆಯೇ ಬರೆದಿದ್ದ ದುಬಾರಿಯದಕ್ಕೂ ಅದೇ ತೀರ್ಪು. ಪಕ್ಕದಲ್ಲಿದ್ದ ಸೊಸೆಗೆ ಮೊದಲನೆಯ ಬಲ್ಬಿನಡಿಯಲ್ಲೇ ನೀಲಿ ಎಳೆ ನೀಲಿಯಾಗಿ, ಕಪ್ಪು ಕಪ್ಪಾಗಿ ಕಂಡಿತ್ತು.

"ಅಮ್ಮಾ, ಇನ್ನು ಉಳಿದಿರೋದು ಸೂರ್ಯನ ಬೆಳಕೊಂದೇ. ಅದರ ಸ್ಟಾಕು ನಮ್ಮಲ್ಲಿಲ್ಲ," ಎಂದ ಅಂಗಡಿಯವನು.

"ಅದನ್ನೂ ನೋಡಿಬಿಡ್ತೀನಿ," ಎಂದು ಟೈಲರಮ್ಮ ಮೆಟ್ಟಿಲಿಳಿದು ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಳೆಗಳನ್ನು ಎತ್ತಿ ಹಿಡಿದಳು. ಹತ್ತಿರ ತಂದಳು, ದೂರ ಹಿಡಿದಳು, ತಿರುವಿದಳು. ಬಿಸಿಲಲ್ಲೂ ಎರಡೂ ಒಂದೇ. ದೂರಲು ಅಲ್ಲಿ ಯಾರೂ ಇರಲಿಲ್ಲ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಳಸಿಕೊಂಡು ಹೋದ, ಆಕೆ ಕದಲಲಿಲ್ಲ.

ಒಳಗೆ ಬಂದವಳು ಕೇಳಿದ್ದು ಇಷ್ಟೇ: "ಕಮ್ಮಿ ಕರೆಂಟು ತಿನ್ನೋದು ಯಾವುದೋ ಅದನ್ನೇ ಕೊಡಪ್ಪ."

ಸ್ವಂತ ಕೈಯನ್ನೊಂದೇ ನೆಚ್ಚಿ ಬದುಕಿದವರು ಲೋಕವನ್ನೆಲ್ಲ ದೂರುವುದು ಬರೀ ಗರ್ವದಿಂದಲ್ಲ. ದೂರು ತಿರುಗಿ ತಮ್ಮ ಕೈಗೇ ಬಂದರೆ ಆಮೇಲೆ ನೆಚ್ಚಲು ಏನೂ ಉಳಿಯದೆಂಬ ಅಂಜಿಕೆಯೂ ಅದರಲ್ಲಿರುತ್ತದೆ. ಮನೆಗೆ ಬಂದು ಸೊಸೆ ಬಲ್ಬು ಹಾಕಿದಳು. ಟೈಲರಮ್ಮ ಮ್ಯಾನೇಜರ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಮೊದಲ ಕಾಜದ ಅಂಚನ್ನು ಉಗುರಿನಿಂದ ತಡವಿ ನೋಡಿ, ಎದ್ದಳು. ಬೇರೆ ಯಾರೂ ಎಂದೂ ಕೂತಿರದ ತನ್ನ ಹೊಲಿಗೆಯ ಸ್ಟೂಲನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದಳು.

"ಕೂತ್ಕೋ. ನಾನು ತಪ್ಪು ದಾರ ಹಾಕಿದೀನಿ. ನಿಧಾನಕ್ಕೆ ಬಿಚ್ಚು, ಬಟ್ಟೆ ಎಳೀಬೇಡ."